ಅರವತ್ತು ಲಕ್ಷಕ್ಕೆ ಒಂದು ಕೆನಡಾ

ಸೌದಾ ಅರವತ್ತು ಲಕ್ಷದ್ದು. ಆಳಂದದಿಂದ ಇಪ್ಪತ್ತು, ಅಫಜಲಪುರದಿಂದ ಇಪ್ಪತ್ತು, ಜೇವರ್ಗಿಯಿಂದ ಇಪ್ಪತ್ತು. ಮಾಲು ಯಾವುದು ಅಂದಿರೋ, ಕೆನಡಾ ದೇಶದ ಒಂದು ಯೂನಿವರ್ಸಿಟಿಯ ಒಂದು ಕೋರ್ಸು.

ನಲವತ್ತು ವರ್ಷ ಆಳಂದದ ಬಾಜಾರದಲ್ಲಿ ದಲಾಲಿಯ ಅಡತಿ ಅಂಗಡಿ, ದಾಲ್ ಮಿಲ್ಲು ಎರಡನ್ನೂ ನಡೆಸಿದ ನನಗೆ ನಗೆಪಾಟಲಿನ ಪ್ರಸಂಗಗಳು ಹೊಸವಲ್ಲ. ತೊಗರಿ ತೂಗುವಾಗೊಂದು, ಲಾರಿ ತುಂಬುವಾಗೊಂದು ದಿನಾ ಆಗುತ್ತಿರುತ್ತವೆ. ಆದರೆ ವಿದ್ಯೆ ಕೊಳ್ಳಲು ಹೊರಟ ಆ ಒಂದು ವರ್ಷದಲ್ಲಿ ಆದಷ್ಟು ಉಳಿದ ಮೂವತ್ತೊಂಬತ್ತರಲ್ಲಿ ಆಗಿಲ್ಲ.

ಸಂಗತಿ ಇಷ್ಟು. ನಮ್ಮ ವ್ಯಾಪಾರಸ್ಥರ ಟ್ರಸ್ಟಿನ ಒಂದು ಕಾಲೇಜು ಆಳಂದದಲ್ಲಿ ಇದೆ. ಅದರ ವಿಜ್ಞಾನ ವಿಭಾಗದಲ್ಲಿ ಹೋದ ವರ್ಷ ಉಳಿದದ್ದು ಹನ್ನೊಂದು ಜನ. ಇನ್ನೊಂದು ವರ್ಷ ಹೀಗೇ ಹೋದರೆ ವಿಭಾಗಕ್ಕೆ ಬೀಗ, ಹನ್ನೊಂದೂ ಜನರ ಕೈಗೆ ಟಿ.ಸಿ. ಆಗ ನಮ್ಮ ಪ್ರಿನ್ಸಿಪಾಲರು ಒಂದು ದಾರಿ ಹುಡುಕಿ ತಂದರು. ಕೆನಡಾದ ಯೂನಿವರ್ಸಿಟಿ ಪಠ್ಯ ಕೊಡುತ್ತದೆ, ವಿಡಿಯೋದಲ್ಲಿ ಪಾಠ ಮಾಡುತ್ತದೆ; ಹೈದರಾಬಾದಿನ ಒಂದು ಖಾಸಗಿ ಕಂಪನಿ ಯಂತ್ರ ಕೂಡಿಸುತ್ತದೆ; ನಾವು ಕಟ್ಟಡ, ಪ್ರಯೋಗಶಾಲೆಗೆ ಅರವತ್ತು ಲಕ್ಷ ಹಾಕಬೇಕು. ಕೋರ್ಸಿನ ಹೆಸರು ಬೇಳೆಕಾಳು ಮತ್ತು ಆಹಾರ ತಂತ್ರಜ್ಞಾನ.

ಪ್ರಿನ್ಸಿಪಾಲರು ನನ್ನ ಅಂಗಡಿಯ ಗಾದಿಯ ಅಂಚಿಗೆ ಕೂತು, "ಸಾವಕಾರ್ರ, ಇದು ಕೈ ತಪ್ಪಿದ್ರ ವಿಭಾಗ ಮುಗೀತ್ರಿ" ಅಂದರು. ಇಪ್ಪತ್ತಾರು ವರ್ಷ ಅದೇ ವಿಭಾಗದಲ್ಲಿ ರಸಾಯನಶಾಸ್ತ್ರ ಹೇಳಿದ ಮನುಷ್ಯ. ನಾನು ಅಫಜಲಪುರದ ಬೆಲ್ಲದ ಸಾವಕಾರನಿಗೂ ಜೇವರ್ಗಿಯ ಹತ್ತಿ ಸೇಠನಿಗೂ ಫೋನ್ ಹಚ್ಚಿದೆ. ಇಬ್ಬರೂ ಟ್ರಸ್ಟಿನವರೇ. ನನ್ನ ಮಾತಿನ ಮೇಲೆ ಇಪ್ಪತ್ತಿಪ್ಪತ್ತು ಲಕ್ಷಕ್ಕೆ ಹೂಂ ಅಂದರು. ಅಂದ ಮೇಲೆ ಸೌದಾ ಮುರಿದರೆ ಅವರು ಬಂದು ನಿಲ್ಲುವುದು ನನ್ನ ಬಾಗಿಲಿಗೆ.

೧. ಚೀಲದ ನಡುವಿನ ಕಾಳು

ಮೊದಲ ದಿನ ಸಾವಕಾರ, ಸೇಠ ಇಬ್ಬರೂ ನನ್ನ ಅಂಗಡಿಗೆ ಬಂದು ಕೂತಿದ್ದಾಗ ಕಂಪನಿಯ ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಕೋಟು, ನಮ್ಮ ಗಾದಿಯ ಮೇಲೆ ಕಾಲು ಮಡಚಲು ಬಾರದೆ ಒದ್ದಾಟ. ಗಲ್ಲೆ ಪೆಟ್ಟಿಗೆಯ ಮೇಲೇ ಲ್ಯಾಪ್‌ಟಾಪ್ ಇಟ್ಟು ಚಿತ್ರ ತೋರಿಸತೊಡಗಿದ. ಗಾಜಿನ ಕಟ್ಟಡ, ಕೆರೆ, ಹುಲ್ಲಿನ ಮೇಲೆ ಕೂತು ನಗುವ ಹುಡುಗರು. ಕೊನೆಗೆ ಬಿಳಿ ಗಡ್ಡದ ಒಬ್ಬ ದೊಡ್ಡ ಮನುಷ್ಯ.

"ಸರ್, ಇವರು ಅಲ್ಲಿಯ ಅತಿ ದೊಡ್ಡ ಪ್ರೊಫೆಸರ್. ಪ್ರಪಂಚವೆಲ್ಲ ಸುತ್ತಿ ಭಾಷಣ ಮಾಡ್ತಾರೆ."

"ಇವರು ನಮ್ಮ ಮಕ್ಕಳಿಗೆ ಪಾಠ ಮಾಡ್ತಾರೇನ್ರಿ?"

"ಇಲ್ಲ ಸರ್. ಅವರಿಗೆ ಸಮಯ ಇರೋದಿಲ್ಲ."

"ಹಂಗಾದ್ರ ಅವರನ್ನ ನಮಗ ಯಾಕ ತೋರಿಸಾಕತ್ತೀರಿ?"

ಮ್ಯಾನೇಜರ್ ಗಡ್ಡದ ಚಿತ್ರ ಮುಚ್ಚಿದ. ಜೇವರ್ಗಿಯ ಸೇಠ ಮೊದಲೇ ಅನುಮಾನದ ಮನುಷ್ಯ. "ಅರೆ ಭಾಯಿ, ಕೆನಡಾದಿಂದ ಹಡಗು ತುಂಬಿ ಹಳದಿ ಬಟಾಣಿ ಬಂದು ನಮ್ಮ ತೊಗರಿ ಭಾವ ಬಿತ್ತು. ಈಗ ಅಲ್ಲಿಂದ ಮಾಸ್ತರ್ ಬರ್ತಾರಂತ. ಬಟಾಣಿ ಜೋಡಿ ಉಳಿದ ಮಾಲೇನು ಇದು?" ಅಂದ.

ನಮ್ಮ ಬಾಜಾರದಲ್ಲಿ ಯಾರೂ ಚೀಲದ ಬಾಯಿ ನೋಡಿ ಮಾಲು ಕೊಳ್ಳುವುದಿಲ್ಲ. ಬಾಯಿಗೆ ಎಲ್ಲರೂ ಒಳ್ಳೆಯ ಕಾಳನ್ನೇ ಹಾಕಿರುತ್ತಾರೆ. ಪರಖಿ ಅಂತ ಒಂದು ಚೂಪು ಕಬ್ಬಿಣದ ಕೊಳವೆ ಇದೆ. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ನಡುವಿನ ಕಾಳು ತಾನೇ ಹೊರಗೆ ಉದುರುತ್ತದೆ. ಅದನ್ನು ಅಂಗೈಯಲ್ಲಿ ಹಿಡಿದು ನೋಡಿ ಭಾವ ಹೇಳುತ್ತೇವೆ. ನಾನು ಮ್ಯಾನೇಜರನಿಗೆ ಅದನ್ನೇ ಹೇಳಿದೆ. "ಚೀಲದ ಬಾಯಿ ಸಾಕು. ನಡುವಿನ ಕಾಳು ತಗೀರಿ."

ಆ ಯೂನಿವರ್ಸಿಟಿಯ ಮಾಸ್ತರರ ಪಟ್ಟಿ ತೆರೆಸಿದೆವು. ಅಫಜಲಪುರದ ಸಾವಕಾರ ಕಣ್ಣು ಮುಚ್ಚಿ ಪಟ್ಟಿಯ ನಟ್ಟನಡುವೆ ಬೆರಳಿಟ್ಟ. "ಇವರ ಪಾಠ ಕೇಳಿಸ್ರಿ."

ಮೂರು ದಿನದ ಮೇಲೆ, ನಮಗೆ ಸಂಜೆ ಅವರಿಗೆ ಬೆಳಿಗ್ಗೆ, ಆ ನಡುವಿನ ಕಾಳು ವಿಡಿಯೋದಲ್ಲಿ ಕಂಡಿತು. ಕೆಂಪು ಮೂಗಿನ ಬಡಕಲು ಮನುಷ್ಯ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ತನ್ನನ್ನೇ ಯಾಕೆ ಆರಿಸಿದರು ಎಂದು ಪಾಪ ಅವನಿಗೂ ತಿಳಿದಿರಲಿಲ್ಲ. ಕಾಳಿನ ಸಿಪ್ಪೆ ಹೇಗೆ ಬಿಡುತ್ತದೆ ಎಂಬುದರ ಮೇಲೆ ಪಾಠ ಶುರು ಮಾಡಿದ. ಪ್ರಿನ್ಸಿಪಾಲರು ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದರು. ಪ್ರೊಫೆಸರ್ ಚೆನ್ನಾಗೇ ಹೇಳುತ್ತಿದ್ದ. ಹತ್ತು ನಿಮಿಷಕ್ಕೆ ನಮ್ಮ ಮಿಲ್ಲಿನ ಹಿರಿಯ ಮಿಸ್ತ್ರಿ, ಚಹಾ ಕುಡಿಯಲು ಬಂದವನು, ಬಾಗಿಲಲ್ಲೇ ನಿಂತು ಬಾಯಿ ಹಾಕಿದ.

"ಸಾಹೇಬ್ರ, ಅದು ತಪ್ಪಾಕತ್ತದ. ಎಣ್ಣಿ ತಿಕ್ಕಿ ಒಂದಿನ ಬಿಸಲಾಗ ಹರವಿ, ರಾತ್ರಿ ಗುಂಪಿ ಹಾಕಿ ಮುಚ್ಚಬೇಕು. ಇಲ್ಲಾಂದ್ರ ನಮ್ಮ ತೊಗರಿ ಸಿಪ್ಪಿ ಬಿಡಂಗಿಲ್ಲ."

ಪ್ರಿನ್ಸಿಪಾಲರು ಹೆದರುತ್ತಲೇ ಅದನ್ನು ಇಂಗ್ಲಿಷ್ ಮಾಡಿದರು. ಪ್ರೊಫೆಸರ್ ಬ್ರೆಡ್ಡು ಕೆಳಗಿಟ್ಟ. ಪೆನ್ನು ತೆಗೆದ. ಎಷ್ಟು ಎಣ್ಣೆ? ಯಾವ ಎಣ್ಣೆ? ಬಿಸಿಲು ಎಷ್ಟು? ಗುಂಪಿ ಎಷ್ಟು ಎತ್ತರ? ಒಂದು ತಾಸು ಬಿಡಲಿಲ್ಲ. ಮಿಸ್ತ್ರಿಗೆ ಉತ್ಸಾಹ ಬಂದು ನಿಂತಲ್ಲೇ ನೆಲದ ಮೇಲೆ ತೊಗರಿ ಸುರಿದು ಗುಂಪಿ ಹಾಕಿ ತೋರಿಸಿದ. ಆ ಕಡೆ ಪ್ರೊಫೆಸರ್ ಕ್ಯಾಮೆರಾಕ್ಕೆ ಮೂಗು ಹಚ್ಚಿ ನೋಡಿದ.

ಮುಗಿದ ಮೇಲೆ ಮ್ಯಾನೇಜರ್ ಬೆವರು ಒರೆಸಿಕೊಂಡು, "ಹೇಗಿದೆ ಸರ್, ನಮ್ಮ ಗುಣಮಟ್ಟ?" ಅಂದ.

ಸೇಠ ಗಡ್ಡ ನೀವಿಕೊಂಡ. "ಮಾಲು ಚಲೋ ಅದ ಭಾಯಿ. ಕೇಳಿಕೊಂಡು ಬರಕೊಳ್ಳೋ ಮಾಸ್ತರು ಸಿಗೂದು ಕಮ್ಮಿ. ಆದ್ರ ಒಂದು ತಾಸು ಕಲಿಸಿದವರು ನಾವು, ಕಲಿತವರು ಅವರು. ಈ ತಾಸಿಂದು ಫೀ ಯಾವಾಗ ಕಳಿಸ್ತಾರ ಕೇಳು."

೨. ಹಿಮ ಬಿದ್ದ ದಿನ

ಮುಂದೆ ಕರಾರು ಪತ್ರದ ಕರಡು ಬಂತು. ನಲವತ್ತಾರು ಪುಟ. ನಾವು ಎರಡು ಲಾರಿ ತೊಗರಿಗೆ ಬರೆಯುವ ಚೀಟಿ ನಾಲ್ಕು ಸಾಲು, ಅದರಲ್ಲೂ ಒಂದು ಸಾಲು ದೇವರ ಹೆಸರು.

ಪ್ರಿನ್ಸಿಪಾಲರು ನಾಲ್ಕು ದಿನ ಕೂತು ಓದಿ ಹೇಳಿದರು. ಇಪ್ಪತ್ತನೆಯ ಪುಟಕ್ಕೆ ಅಫಜಲಪುರದ ಸಾವಕಾರ ಗೊರಕೆ ಹೊಡೆಯುತ್ತಿದ್ದ. ಮೂವತ್ತೊಂದನೆಯ ಪುಟದಲ್ಲಿ ನನಗೊಂದು ಸಾಲು ಸಿಕ್ಕಿತು. ಭಾರಿ ಹಿಮ ಬಿದ್ದ ದಿನ ಯೂನಿವರ್ಸಿಟಿ ಪಾಠ ಮಾಡದಿದ್ದರೂ ಅದನ್ನು ಮಾಡಿದಂತೆಯೇ ಹಿಡಿಯತಕ್ಕದ್ದು.

"ನಿಂದ್ರಿ, ನಿಂದ್ರಿ. ಅವರ ಹಿಮಕ್ಕ ಮಾಫಿ ಅದ. ನಮ್ಮ ಬಿಸಲಿಗೆ ಏನು ಬರದಾರ?"

"ಏನೂ ಬರದಿಲ್ರಿ."

"ಹಂಗಾದ್ರ ಬರಸ್ರಿ. ಮೇ ತಿಂಗಳಾಗ ಕರೆಂಟು ಹೋಗಿ ಮಕ್ಕಳು ಕೂಡಂಗಿಲ್ಲ ಅಂದ್ರ ಅದೂ ಕೂತಂಗೇ."

ಪ್ರಿನ್ಸಿಪಾಲರು ಪತ್ರ ಬರೆದರು. ಕೆನಡಾದ ವಕೀಲೆ ಒಬ್ಬಳು ಬಹಳ ವಿನಯದಿಂದ ಉತ್ತರ ಕೊಟ್ಟಳು: ಬಿಸಿಲು ಒಂದು ಸಂತೋಷದ ಸಂಗತಿ, ಅದು ಪಾಠಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂಬುದಕ್ಕೆ ಆಧಾರ ಬೇಕು.

ಆಧಾರ! ಜೇವರ್ಗಿಯ ಸೇಠ ಎದ್ದು ನಿಂತ. "ಚಲೋ, ಆಧಾರ ನಾ ಕೊಡ್ತೇನಿ." ಮಧ್ಯಾಹ್ನ ಒಂದು ಗಂಟೆಗೆ ತನ್ನ ಹತ್ತಿ ಗಿರಣಿಯ ಅಂಗಳದಲ್ಲಿ ಜೀಪು ನಿಲ್ಲಿಸಿ, ಬಾನೆಟ್ಟಿನ ಮೇಲೆ ಹಸಿ ಹಪ್ಪಳ ಹಾಸಿ, ಮೊಬೈಲಿನಲ್ಲಿ ವಿಡಿಯೋ ಹಿಡಿದ. ನೋಡುತ್ತಿದ್ದಂತೆ ಹಪ್ಪಳದ ಅಂಚು ಮೇಲೆದ್ದು ಮುರುಟಿತು. ಸ್ವಲ್ಪ ಹೊತ್ತಿಗೆ ಸೇಠ ಒಂದನ್ನು ಎತ್ತಿ ಕ್ಯಾಮೆರಾದ ಮುಂದೆಯೇ ಕಟಕ್ಕನೆ ಮುರಿದು ತೋರಿಸಿದ. "ಯೇ ದೇಖೋ ಮೇಡಂ, ಹಮಾರಾ ಮೇ ಮಹಿನಾ!"

ಎರಡು ದಿನಕ್ಕೆ ಉತ್ತರ ಬಂತು, ಎರಡೇ ಸಾಲು. ನಿಮ್ಮ ಬಿಸಿಲನ್ನು ಹಿಮಕ್ಕೆ ಸಮ ಎಂದು ಒಪ್ಪಲಾಗಿದೆ. ಜೀಪು ಯಾವ ಕಂಪನಿಯದು ಎಂದು ದಯವಿಟ್ಟು ತಿಳಿಸಿ, ನಮ್ಮ ಕಡೆಯ ಒಲೆಗಳು ಇಷ್ಟು ಚೆನ್ನಾಗಿಲ್ಲ.

೩. ಮೂವತ್ತನೆಯ ವಿದ್ಯಾರ್ಥಿ

ಕರಾರಿನಲ್ಲಿ ಒಂದು ಬಿಗಿ ಇತ್ತು. ಕೆನಡಾದವರು ಸಹಿ ಮಾಡಲು ಬರುವ ಮೂರು ವಾರ ಮೊದಲೇ ಮೂವತ್ತು ವಿದ್ಯಾರ್ಥಿಗಳು ಹೆಸರು ಬರೆಸಿರಬೇಕು. ಇಪ್ಪತ್ತೊಂಬತ್ತಾದರೆ ಸೌದಾ ಇಲ್ಲ.

ನಾವು ಮಾಲು ಮಾರುವ ಜನ, ಇದರಲ್ಲೇನು ಕಷ್ಟ ಅಂದುಕೊಂಡೆವು. ಬಾಜಾರದ ಹರಾಜಿನಲ್ಲಿ ಸವಾಲು ಕೂಗುವವನನ್ನು ರಿಕ್ಷಾದಲ್ಲಿ ಕೂರಿಸಿ ಮೈಕು ಕೊಟ್ಟೆವು. ಅವನಿಗೆ ಗೊತ್ತಿರುವುದು ಒಂದೇ ರೀತಿ. "ಬರ್ರಿ ಬರ್ರಿ, ಕೆನಡಾ ಡಿಗ್ರಿ, ಹೊಸಾ ಮಾಲು, ಕಸ ಇಲ್ಲ, ಹುಳ ಇಲ್ಲ, ತೇವ ಇಲ್ಲ!" ಅಂತ ಆಳಂದ ತುಂಬ ಕೂಗಿದ. ಮಹಾರಾಷ್ಟ್ರದ ಗಡಿಯ ಹಿರೋಳ್ಳಿಯವರೆಗೂ ಹೋಗಿ ಅದನ್ನೇ ಮರಾಠಿಯಲ್ಲಿ ಕೂಗಿ ಬಂದ. ನಗಬೇಡಿ, ಆ ಒಂದು ಕೂಗಿಗೆ ಹತ್ತೊಂಬತ್ತು ಹೆಸರು ಬಂದವು. ಜೇವರ್ಗಿ ಬಳಿಯ ಅಂದೋಲಾದ ಕಡೆಯಿಂದ ಐದು, ಅಫಜಲಪುರದಿಂದ ನಾಲ್ಕು. ಒಟ್ಟು ಇಪ್ಪತ್ತೆಂಟು. ಅಲ್ಲಿಗೆ ನಿಂತುಬಿಟ್ಟಿತು.

ಹೆಸರು ಬರೆಸುವ ಕೊನೆಯ ದಿನ ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಕಿಣ್ಣಿ ಸುಲ್ತಾನ ಹಳ್ಳಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹೊಲಮನೆ ಎರಡನ್ನೂ ಆಳುವ ಹೆಂಗಸು ಅಂತ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಫೀ ಕೇಳಿದಳು. ಹೇಳಿದರು.

"ಏನೇನು ಕಲಸ್ತೀರಿ?"

ಪ್ರಿನ್ಸಿಪಾಲರು ಪಟ್ಟಿ ಓದಿದರು. "ಕಾಳು ಆರಿಸೂದು, ಒಣಗಿಸೂದು, ಹುಳ ಹತ್ತದಂಗ ಕೂಡಿಡೂದು, ಬೇಳಿ ಒಡಿಯೂದು..."

"ಇದೆಲ್ಲ ನನ್ನ ಮಗಳಿಗೆ ಬರ್ತದ. ಬರೂದಕ್ಕ ಫೀ ಯಾಕ ಕೊಡ್ಲಿ? ಬರದಿದ್ದದ್ದು ಎಷ್ಟದ ಅಷ್ಟಕ್ಕ ಹೇಳ್ರಿ."

ನಾನು ಪಕ್ಕದಲ್ಲೇ ಕೂತಿದ್ದೆ. ನಲವತ್ತು ವರ್ಷದ ವ್ಯಾಪಾರದಲ್ಲಿ ಇಷ್ಟು ಚೊಕ್ಕ ಚೌಕಾಶಿ ಕೇಳಿರಲಿಲ್ಲ. ಪ್ರಿನ್ಸಿಪಾಲರು ಕೆಂಪಾಗಿ, "ಹಂಗ ಕಡಿಮಿ ಮಾಡಾಕ ಬರಂಗಿಲ್ಲವ್ವ" ಅಂದರು. ನಾನು ಅಂದೆ, "ಕೇಳಿ ನೋಡ್ರಿ, ಕೇಳಾಕ ಏನು ಖರ್ಚದ?" ಕೆಂಪು ಮೂಗಿನ ಪ್ರೊಫೆಸರನಿಗೆ ಸಂದೇಶ ಹೋಯಿತು. ಅವರ ದೇಶದಲ್ಲಿ ಹಾಗೊಂದು ಪದ್ಧತಿ ಇದೆಯಂತೆ: ಮೊದಲೇ ಗೊತ್ತಿರುವುದನ್ನು ಪರೀಕ್ಷೆ ಮಾಡಿ, ಗೊತ್ತಿದ್ದರೆ ಅಷ್ಟು ಪಾಠ ಮಾಫಿ, ಅಷ್ಟರ ಫೀಯೂ ಮಾಫಿ. ಸಂಜೆ ವಿಡಿಯೋದಲ್ಲಿ ಪರೀಕ್ಷೆ ಇಟ್ಟ. ಮೊರದಲ್ಲಿ ನನ್ನ ಅಂಗಡಿಯಿಂದ ತಂದ ಐದು ನಮೂನೆಯ ತೊಗರಿ.

ಮಗಳು ಮೂರನ್ನು ಸರಿ ಹೇಳಿದಳು. ನಾಲ್ಕನೆಯದಕ್ಕೆ ತಡವರಿಸಿದಳು. ತಾಯಿ ಹಿಂದಿನಿಂದ ತಲೆಗೆ ಮೊಟಕಿ, "ಏನ್ ನೋಡ್ತಿ ಬೇ, ಹಳೇ ಕಾಳದು, ಹಲ್ಲಾಗಿಟ್ಟು ನೋಡು" ಅಂದಳು. ಐದನೆಯದನ್ನು ತಾನೇ, ಮುಟ್ಟದೆ, ಬರೀ ಮೂಸಿ, "ಇದು ತೇವದ ಗೋದಾಮಿನಾಗಿತ್ತು" ಅಂದಳು. ಪ್ರೊಫೆಸರ್ ಆ ಕಡೆಯಿಂದ ಕೂಗಿದ: "ಯಾರವರು? ಅವರನ್ನು ಕೂರಿಸಿ!"

ನನಗೆ ತಟ್ಟನೆ ಹೊಳೆಯಿತು. "ಅವ್ವಾ, ನೀ ಎಲ್ಲಿತನ ಓದಿದಿ?"

"ಪಿ.ಯು.ಸಿ. ಸೈನ್ಸ್ ಪಾಸಾಗೇನ್ರಿ. ಮುಂದ ಮದಿವಿ ಮಾಡಿದ್ರು."

ಪ್ರಿನ್ಸಿಪಾಲರು ಇನ್ನೊಂದು ಅರ್ಜಿ ಹಿಡಿದು ಕುರ್ಚಿಯಿಂದ ಹಾರಿದರು. ಇಪ್ಪತ್ತೊಂಬತ್ತು ಮಗಳು, ಮೂವತ್ತು ತಾಯಿ. ತಾಯಿಗೆ ಮಾಫಿ ಆದದ್ದು ಮಗಳಿಗಿಂತ ದುಪ್ಪಟ್ಟು.

ಸಹಿ ಆಗುವ ಮೊದಲೇ ಹದಿನೈದು ದಿನ ಪರೀಕ್ಷಾರ್ಥವಾಗಿ ವಿಡಿಯೋ ಪಾಠಗಳು ನಡೆದವು. ಮೂರನೆಯ ದಿನವೇ ಮಗಳು ನನ್ನ ಅಂಗಡಿಗೆ ಬಂದು ನಿಂತಳು. "ಸಾವಕಾರ್ರ, ಅವ್ವನ ಹೆಸರು ತಗೀರಿ, ಇಲ್ಲಾಂದ್ರ ನನ್ನ ಹೆಸರು ತಗೀರಿ."

"ಯಾಕವ್ವ, ಏನಾತು?"

"ಮುಂದಿನ ಬೆಂಚಿನಾಗ ಕೂತು ಎಲ್ಲಾದಕ್ಕೂ ಕೈ ಎತ್ತತಾಳ. ಮನಿಗಿ ಬಂದು ನನ್ನ ನೋಟ್ಸ್ ತಿದ್ದತಾಳ. ನಿನ್ನಿ ನಾ ಕ್ಲಾಸಿನಾಗ ಫೋನ್ ನೋಡಿದ್ದಕ್ಕ ಕೆನಡಾದ ಸರ್‌ಗ ಚಾಡಿ ಹೇಳ್ಯಾಳ. ಅವರು ನಿನ್ನ ತಾಯಿಗಿ ಪತ್ರ ಬರೀತೇನಿ ಅಂದ್ರು!"

೪. ಒಂದು ದಿನ, ಮೂರು ಊಟ

ಸಹಿ ಮಾಡಲು ಕೆನಡಾದಿಂದ ಡೀನ್ ಬಂದಳು. ಅರವತ್ತರ ಹತ್ತಿರದ ಎತ್ತರದ ಹೆಂಗಸು. ಎಷ್ಟು ಎತ್ತರ ಅಂದರೆ ನಮ್ಮ ಪ್ರಿನ್ಸಿಪಾಲರು ಹಾರ ಹಾಕಲು ಎರಡು ಸಲ ಹಾರಿದರು.

ಮೊದಲ ದಿನ ಕಟ್ಟಡ ತೋರಿಸುವುದು, ಎರಡನೆಯ ದಿನ ಸಹಿ. ಕಟ್ಟಡ ಆಳಂದದಲ್ಲಿದೆ, ಇಷ್ಟು ಸರಳ. ಆದರೆ ಇಪ್ಪತ್ತು ಲಕ್ಷ ಹಾಕಿದವನಿಗೆ ತನ್ನ ಊರಲ್ಲೂ ಒಂದು ಬೋರ್ಡು ಬೇಕು ಅನ್ನಿಸುವುದು ಸಹಜ. ನನಗೆ ಹೇಳದೆ ಅಫಜಲಪುರದ ಸಾವಕಾರ ತನ್ನ ಬೆಲ್ಲದ ಗೋದಾಮಿಗೆ ಸುಣ್ಣ ಬಳಿಸಿ "ಎರಡನೆಯ ಕೇಂದ್ರ" ಅಂತ ಬ್ಯಾನರ್ ಕಟ್ಟಿದ್ದ. ಅವನಿಗೆ ಹೇಳದೆ ಸೇಠ ಜೇವರ್ಗಿಯ ಹತ್ತಿ ಗಿರಣಿಗೆ ಅದೇ ಬ್ಯಾನರ್ ಕಟ್ಟಿದ್ದ. ಇಬ್ಬರೂ ಬೇರೆ ಬೇರೆಯಾಗಿ ಡ್ರೈವರನ ಕಿವಿಯಲ್ಲಿ ಉಸುರಿದ್ದರು: "ಆಳಂದದಿಂದ ವಾಪಸ್ ಬರೂವಾಗ ನಮ್ಮೂರ ಮ್ಯಾಲ ಹಾಯ್ಸಿ ತಾ." ಡ್ರೈವರ್ ಯಾರಿಗೂ ಇಲ್ಲ ಅನ್ನುವವನಲ್ಲ.

ನಮ್ಮ ಕಡೆ ಮನೆಗೆ ಬಂದವರನ್ನು ಊಟ ಇಲ್ಲದೆ ಕಳಿಸುವುದಿಲ್ಲ. ಬೇಡ ಅಂದರೆ ನಾಚಿಕೊಂಡಿದ್ದಾರೆ ಅಂತ ಅರ್ಥ ಮಾಡಿಕೊಂಡು ಎರಡು ರೊಟ್ಟಿ ಹೆಚ್ಚು ಹಾಕುತ್ತೇವೆ. ಡೀನ್ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ಉಂಡಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ತೊಗರಿಬೇಳೆಯ ಹೋಳಿಗೆ, ಮೇಲೆ ತುಪ್ಪ. ಹೊಟ್ಟೆ ಸವರಿಕೊಂಡು ಎದ್ದಳು. ಎರಡು ಗಂಟೆಗೆ ಅಫಜಲಪುರದಲ್ಲಿ ಅದೇ ಊಟ, ಜೊತೆಗೆ ಬಿಸಿ ಬೆಲ್ಲ. ಬೇಡ ಅಂದಳು. ಎರಡು ಹೋಳಿಗೆ ಹೆಚ್ಚು ಬಿದ್ದವು. ಐದಕ್ಕೆ ಜೇವರ್ಗಿಯಲ್ಲಿ ಸೇಠನ ಮನೆಯಲ್ಲಿ ತಹರಿ, ಬಗಾರಾ ಬೈಂಗನ್, ಖುಬಾನಿ ಮೀಠಾ.

ಅಷ್ಟರಲ್ಲಿ ಆಕೆ ಚುರುಕಾಗಿ ಒಂದು ಉಪಾಯ ಹೂಡಿದಳಂತೆ. ಸೇಠನ ಮನೆಯವರಿಗೆ ಕೈ ಸನ್ನೆ ಮಾಡಿ, ಹೊಟ್ಟೆ ತೋರಿಸಿ, ಎರಡೂ ಕೈ ಜೋಡಿಸಿ ನಮಸ್ಕರಿಸಿದಳು. ಸೇಠನ ಬೀಬಿ ಕರಗಿಹೋದಳು. "ಹಾಯ್ ಅಲ್ಲಾ, ಎಷ್ಟು ಹಸಿದಾಳ, ಕೈ ಮುಗುದು ಕೇಳಾಕತ್ತಾಳ" ಅಂತ ಇಡೀ ಹಂಡೆಯನ್ನೇ ಮುಂದೆ ತಂದಿಟ್ಟಳು.

ರಾತ್ರಿ ಡೀನ್ ತನ್ನ ಕಚೇರಿಗೆ ವರದಿ ಬರೆದಳು. ಪ್ರಿನ್ಸಿಪಾಲರಿಗೂ ಒಂದು ಪ್ರತಿ ಬಂತು. ಆಳಂದದ ಕಟ್ಟಡ: ತೃಪ್ತಿಕರ. ಉಳಿದ ಎರಡು ಕೇಂದ್ರಗಳು: ಒಂದರಲ್ಲಿ ಬೆಲ್ಲ, ಒಂದರಲ್ಲಿ ಹತ್ತಿ ಕಂಡುಬಂತು, ತರಗತಿ ಕಾಣಲಿಲ್ಲ. ಪಾಲುದಾರರ ಸಾಮರ್ಥ್ಯ: ನನ್ನ ಸಾಮರ್ಥ್ಯಕ್ಕಿಂತ ಬಹಳ ಹೆಚ್ಚು.

೫. ಟವೆಲ್ಲಿನ ಕೆಳಗೆ

ಎರಡನೆಯ ದಿನ ಸಹಿ. ಉಳಿದದ್ದು ಒಂದೇ ಗಂಟು, ಎಲ್ಲಕ್ಕಿಂತ ದೊಡ್ಡದು. ವಿದ್ಯಾರ್ಥಿ ಕೊಡುವ ಪ್ರತಿ ನೂರು ರೂಪಾಯಿ ಫೀಯಲ್ಲಿ ಯಾರಿಗೆಷ್ಟು? ಕಂಪನಿಗೆ ಇಪ್ಪತ್ತು ಅಂತ ಮೊದಲೇ ಆಗಿತ್ತು. ಉಳಿದ ಎಂಬತ್ತರಲ್ಲಿ ಯೂನಿವರ್ಸಿಟಿಗೆಷ್ಟು, ನಮ್ಮ ಕಾಲೇಜಿಗೆಷ್ಟು? ಮೂವತ್ತೈದಕ್ಕಿಂತ ಕೆಳಗೆ ಹೋದರೆ ವಿಭಾಗದ ದೀಪ, ನೀರು, ಮಾಸ್ತರರ ಪಗಾರ ಯಾವುದೂ ಹುಟ್ಟುವುದಿಲ್ಲ, ಅರವತ್ತು ಲಕ್ಷ ಮಣ್ಣಿಗೆ ಹೋದಂತೆ.

ಕೇಳಿಸಿಕೊಂಡ ಮ್ಯಾನೇಜರ್ ಬಾಯಿ ತೆರೆದರೆ ನಮ್ಮ ಲೆಕ್ಕ ಅವರಿಗೆ, ಅವರ ಲೆಕ್ಕ ನಮಗೆ ಸೋರುತ್ತಿತ್ತು. ಅದಕ್ಕೇ ನಾನು ಹೇಳಿದೆ, "ಬಾಯಿ ಮಾತು ಬ್ಯಾಡ. ನಮ್ಮ ಪದ್ಧತಿ ಪ್ರಕಾರ ಮಾಡೂಣು."

ನಮ್ಮ ದನದ ಬಾಜಾರದಲ್ಲಿ, ಹಿಂದೆ ಕಾಳಿನ ಬಾಜಾರದಲ್ಲೂ, ಭಾವ ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಯ ಮೇಲೆ ಒಂದು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುವುದು. ಒಂದು ಬೆರಳು ಹಿಡಿದರೆ ಹತ್ತು, ನಾಲ್ಕು ಹಿಡಿದರೆ ನಲವತ್ತು, ಇಡೀ ಕೈ ಹಿಡಿದರೆ ಐವತ್ತು. ಅದರ ಮೇಲೆ ಮತ್ತೆ ಒಂದೊಂದೇ ಬೆರಳು ಒತ್ತಿದರೆ ಅರವತ್ತು, ಎಪ್ಪತ್ತು, ಹೀಗೆ. ಮುಖ್ಯ ನಿಯಮ ಒಂದೇ: ಟವೆಲ್ಲಿನ ಕಡೆಗಾಗಲಿ, ಎದುರಿಗಿದ್ದವರ ಮುಖದ ಕಡೆಗಾಗಲಿ ನೋಡಬಾರದು. ತಲೆಯ ಮೇಲಿನ ಮಾಳಿಗೆ ನೋಡುತ್ತಾ ಏನೂ ಆಗಿಲ್ಲದವರಂತೆ ಕೂರಬೇಕು.

ಪ್ರಿನ್ಸಿಪಾಲರು ಡೀನ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಕಾಲೇಜಿನ ಪಾಲು ಎಷ್ಟು ಅನ್ನುವುದನ್ನು ಮಾತ್ರ ಬೆರಳಲ್ಲಿ ಹೇಳುವುದು ಅಂತ ಠರಾಯಿಸಿದೆವು. ಆಕೆಯ ಮುಖ ಅರಳಿತು. "ಅದ್ಭುತ!" ಅಂದು ಮೇಜಿನ ಮೇಲೆ ಕೈ ಚಾಚಿದಳು. ನಾನು ಈ ಕಡೆ, ಆಕೆ ಆ ಕಡೆ, ಆಕೆಯ ಬಲಕ್ಕೆ ಅಫಜಲಪುರದ ಸಾವಕಾರ. ಮೇಲೆ ನನ್ನ ಉದ್ದನೆಯ ಟವೆಲ್ ಹಾಸಿದೆ. ಪರಸ್ತ್ರೀಯ ಕೈ, ಮೇಲಾಗಿ ಪರದೇಶದವಳು. ನಾನು ಉಳಿದವರಿಗಿಂತ ಹೆಚ್ಚು ಗಟ್ಟಿಯಾಗಿ ಮಾಳಿಗೆ ನೋಡತೊಡಗಿದೆ. ತೊಲೆಗಳನ್ನು ಎಣಿಸಿದೆ.

ಕೈ ಸಿಕ್ಕಿತು. ಮೆತ್ತಗಿನ ಕೈ. ನಾನು ಇಡೀ ಅಂಗೈ ಹಿಡಿದೆ: ಐವತ್ತು. ಮೂವತ್ತೈದು ಬೇಕಾದವನು ಐವತ್ತರಿಂದಲೇ ಶುರು ಮಾಡಬೇಕು.

ಆ ಕೈ ನನ್ನ ಅಂಗೈ ಹಿಡಿದು, ಮೇಲೆ ಒಂದು ಬೆರಳು ಒತ್ತಿತು. ಅರವತ್ತು!

ನಾನು ಐವತ್ತು ಕೇಳಿದರೆ ಆಕೆ ಅರವತ್ತು ಕೊಡುತ್ತೇನೆ ಅನ್ನುತ್ತಿದ್ದಾಳೆ! ಕೊಳ್ಳುವವರೇ ಭಾವ ಏರಿಸಿದ್ದನ್ನು ನಾನು ಕಂಡೇ ಇಲ್ಲ. ತಪ್ಪಿ ಒತ್ತಿರಬಹುದೇನೋ ಅಂತ, ಪರೀಕ್ಷೆ ಮಾಡಲು, ಎಪ್ಪತ್ತು ಒತ್ತಿದೆ.

ಎಂಬತ್ತು ಬಂತು.

ಬೆವರು ಬಂತು. ಎಂಬತ್ತು ಅಂದರೆ ಯೂನಿವರ್ಸಿಟಿಗೆ ಒಂದು ಪೈಸೆ ಇಲ್ಲ. ನಿನ್ನೆಯ ಮೂರು ಊಟದ ಋಣ ತೀರಿಸುತ್ತಿದ್ದಾಳೋ, ತಲೆಗೆ ಬಿಸಿಲು ಏರಿತೋ ಅನ್ನಿಸಿತು. ಆದರೆ ಬಂದ ಭಾವವನ್ನು ಬಿಡುವವ ವ್ಯಾಪಾರಿಯಲ್ಲ. ತೊಂಬತ್ತು ಒತ್ತಿದೆ. ಹತ್ತು ಅವರು ತಮ್ಮ ಕೈಯಿಂದ ಹಾಕಲಿ! ಆ ಕೈ ನನ್ನ ಕೈಯನ್ನು ಖುಷಿಯಿಂದ ಜೋರಾಗಿ ಅಲುಗಿಸಿತು. ಒಪ್ಪಿಗೆ!

"ಪಕ್ಕಾ!" ಅಂತ ನಾನು ಕೂಗಿದೆ.

"ಪಕ್ಕಾ!" ಅಂತ ಇನ್ನೊಂದು ದನಿಯೂ ಕೂಗಿತು. ಗಂಡಸಿನ ದನಿ.

ಮಾಳಿಗೆಯಿಂದ ಕಣ್ಣು ಇಳಿಸಿದೆ. ಡೀನ್ ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ನಮ್ಮನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಟವೆಲ್ ಎಳೆದೆ. ನನ್ನ ಕೈಯಲ್ಲಿ ಅಫಜಲಪುರದ ಸಾವಕಾರನ ಕೈ ಇತ್ತು. ಮೂವತ್ತು ವರ್ಷ ಗಾದಿಯ ಮೇಲೆ ಕೂತು ಬೆಲ್ಲ ಮಾರಿದ ಬೆಣ್ಣೆಯಂಥ ಕೈ.

ಆದದ್ದು ಇಷ್ಟು. ನಾನು ಟವೆಲ್ ಹಾಸಿದ ಕೂಡಲೇ ಚಹಾ ಬಂದಿತ್ತು, ಡೀನ್ ಕೈ ಹೊರಗೆ ತೆಗೆದುಕೊಂಡಿದ್ದಳು. ನಾನು ಹೆಣ್ಣುಮಗಳ ಕೈ ಹಿಡಿಯಲು ಸಂಕೋಚಪಟ್ಟು ಅಗ್ಗಕ್ಕೆ ಬಿಟ್ಟುಬಿಡುತ್ತೇನೆ ಅಂತ ಸಾವಕಾರನಿಗೆ ಚಿಂತೆ. ತಾನೇ ಆಕೆಯ ಹತ್ತಿರ ಭಾವ ಮಾಡೋಣ ಅಂತ ಪಕ್ಕದಿಂದ ಕೈ ತೂರಿಸಿದ್ದ. ಅವನೂ ಮಾಳಿಗೆಯನ್ನೇ ನೋಡುತ್ತಿದ್ದ. ಡೀನ್ ಐವತ್ತು ಕೊಡುತ್ತೇನೆ ಅಂದಳು ಅಂತ ಅವನು ಅರವತ್ತು ಕೇಳಿದ್ದ, ಎಪ್ಪತ್ತು ಬಂತು ಅಂತ ಎಂಬತ್ತು.

"ನೀ ಯಾಕ ಕೈ ಹಾಕಿದಿ ಲೇ?" ಅಂದೆ.

"ನೀ ಯಾಕ ತೊಂಬತ್ತು ಕೊಟ್ಟಿ ಲೇ?" ಅಂದ. ಅವನಿಗೆ ಇನ್ನೂ ಪೂರಾ ಅರ್ಥವಾಗಿರಲಿಲ್ಲ.

ಜೇವರ್ಗಿಯ ಸೇಠ ಗೋಡೆ ಹಿಡಿದು ನಗುತ್ತಿದ್ದ. "ವಾಹ್ ಭಾಯಿ ವಾಹ್! ಒಂದೇ ಅಂಗಡಿ ಮಾಲಕರು ತಮ್ಮ ಮಾಲು ತಮಗೇ ತೊಂಬತ್ತಕ್ಕ ಮಾರ್ಕೊಂಡ್ರು! ದಲಾಲಿ ಯಾರಿಗಿ?"

ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ಅವರ ಇಪ್ಪತ್ತಾರು ವರ್ಷ ಆ ಟವೆಲ್ಲಿನ ಕೆಳಗಿತ್ತು. ಡೀನ್‌ಗೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದರು. ಆಕೆ ಬಟ್ಟಲು ಕೆಳಗಿಟ್ಟಳು. ನಗಲು ಶುರು ಮಾಡಿದವಳು ಕಣ್ಣೊರೆಸಿಕೊಳ್ಳುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ನೆಟ್ಟಗೆ ಕೂತು ಹೇಳಿದ್ದನ್ನು ಪ್ರಿನ್ಸಿಪಾಲರು ಒಂದೊಂದೇ ಮಾತು ಕನ್ನಡ ಮಾಡಿದರು.

"ನಿಮಗೆ ಮೂವತ್ತೈದು ಬಿಡಲು ನನಗೆ ಅಧಿಕಾರ ಇದೆ. ಅದನ್ನು ಬಿಟ್ಟೆ. ಆದರೆ ಪಾಲುದಾರರು ಒಬ್ಬರನ್ನೊಬ್ಬರು ನೋಡದೆ ಭಾವ ಮಾಡಿದರೆ ಏನಾಗುತ್ತದೆ ಅಂತ ನಮ್ಮ ವ್ಯಾಪಾರ ವಿಭಾಗದವರು ಒಂದು ಪೂರ್ತಿ ವರ್ಷ ಪಾಠ ಮಾಡುತ್ತಾರೆ. ಇವರಿಬ್ಬರು ಐದು ನಿಮಿಷದಲ್ಲಿ ಮಾಡಿ ತೋರಿಸಿದರು. ಇದನ್ನು ಇಲ್ಲಿಯ ಮಕ್ಕಳಿಗೂ ವಿಡಿಯೋದಲ್ಲಿ ನಮ್ಮ ಮಕ್ಕಳಿಗೂ ವರ್ಷಕ್ಕೆ ಆರು ತರಗತಿ ಹೇಳಿಕೊಡಲಿ. ಅಷ್ಟು ಪಾಠದ ಭಾರ ನಮ್ಮ ಮೇಲಿಂದ ಇಳಿಯಿತು. ಅದಕ್ಕೆ ಇನ್ನೂ ಹತ್ತು."

"ನಲವತ್ತೈದು?" ಪ್ರಿನ್ಸಿಪಾಲರು ಕನ್ನಡ ಮಾಡುವುದನ್ನು ಮರೆತು ತಾವೇ ಕೂಗಿದರು. "ನಲವತ್ತೈದ್ರಿ ಸಾವಕಾರ್ರ! ನಲವತ್ತೈದು!"

ಸಹಿ ಆಯಿತು. ನಲವತ್ತಾರು ಪುಟಕ್ಕೂ. ಪ್ರಿನ್ಸಿಪಾಲರು ಪೆನ್ನು ಮುಚ್ಚುವುದನ್ನೂ ಮರೆತು ಹೊರಗೆ ಓಡಿ, ವರಾಂಡದಲ್ಲಿ ಕಾಯುತ್ತಿದ್ದ ಮಕ್ಕಳ ನಡುವೆ ನಿಂತು ಕುಣಿದೇಬಿಟ್ಟರು. ಅಂಗಿಯ ಜೇಬೆಲ್ಲ ಶಾಯಿ.

ಕಡೆಯ ಲೆಕ್ಕ ಇಷ್ಟು. ಹಾಕಿದ್ದು ಅರವತ್ತು ಲಕ್ಷ. ಬಂದದ್ದು ಐದು ವರ್ಷದ ಕರಾರು, ಫೀಯ ನೂರರಲ್ಲಿ ನಲವತ್ತೈದು, ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಿಗೆ ಆರು ತಿಂಗಳು ಕೆನಡಾದಲ್ಲೇ ಕಲಿಕೆ. ವಿಜ್ಞಾನ ವಿಭಾಗದಲ್ಲಿ ಹಳೆಯ ಹನ್ನೊಂದು ಹೊಸ ಮೂವತ್ತು ಸೇರಿ ನಲವತ್ತೊಂದು ಜನ, ಟಿ.ಸಿ. ಒಂದೂ ಇಲ್ಲ. ಮೇಲೆ, ಎರಡು ದೇಶಗಳ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಇಬ್ಬರು ಅತಿಥಿ ಉಪನ್ಯಾಸಕರು: ನಾನು ಓದಿದ್ದು ಏಳನೇ ಇಯತ್ತೆ, ಅಫಜಲಪುರದ ಸಾವಕಾರ ಎಂಟನೇ ಇಯತ್ತೆ. ಕೂಡಿಸಿದರೆ ಹದಿನೈದು ವರ್ಷ, ಅಂದರೆ ಇಬ್ಬರಿಗೂ ಸೇರಿ ಸರಿಯಾಗಿ ಒಂದು ಡಿಗ್ರಿ.